ಹಚ್ಚೆಯ ಶಾಯಿಯನ್ನು ಕಾಯುವ ಕೋಶಗಳು

ಹಳ್ಳಿಗಳಲ್ಲಿ ಇಂದಿಗೂ ಮುಂಗೈ ಮೇಲೆ ಹಸಿರು ಹಚ್ಚೆ ಇರುವ ಅಜ್ಜಿಯರು ಸಿಗುತ್ತಾರೆ. ಮದುವೆಗೆ ಮುಂಚೆ ಕೊರವಂಜಿ ಬಂದು, ದೀಪದ ಮಸಿಯನ್ನು ಸೊಪ್ಪಿನ ರಸದಲ್ಲಿ ಕಲಸಿ, ಸೂಜಿಯಲ್ಲಿ ಚುಚ್ಚಿ ಬರೆದ ಚುಕ್ಕಿ, ಬಳ್ಳಿ, ತವರಿನವರ ಹೆಸರು. ಚರ್ಮ ಸುಕ್ಕುಗಟ್ಟಿದರೂ ಹಚ್ಚೆ ಹೋಗಿಲ್ಲ. ಮಸಿ ಎಂದರೆ ಕಪ್ಪು ಇಂಗಾಲ. ಅದು ಚರ್ಮದ ಆಳದಲ್ಲಿ ಕೂತಾಗ ಮೇಲಿನ ಪದರ ನೀಲಿ ಬೆಳಕನ್ನು ಹೆಚ್ಚು ಚದುರಿಸುವುದರಿಂದ ನಮ್ಮ ಕಣ್ಣಿಗೆ ನೀಲಿ ಹಸಿರಾಗಿ ಕಾಣುತ್ತದೆ. ಬಣ್ಣದ ವಿಷಯ ಅಷ್ಟೇ. ಆದರೆ ಮೈಯ ಕೋಶಗಳು ದಿನವೂ ಸತ್ತು ಹುಟ್ಟುತ್ತಿರುವಾಗ ಒಂದು ಗೆರೆ ಐವತ್ತು ಅರವತ್ತು ವರ್ಷ ಅಲ್ಲೇ ನಿಲ್ಲುವುದು ಹೇಗೆ? ಟ್ಯಾಟೂ ಹಾಕಿಸಿಕೊಳ್ಳಲು ಹೊರಟ ಪ್ರತಿಯೊಬ್ಬರೂ ಇದನ್ನು ತಿಳಿದಿರಬೇಕು. ಮುಂಚೆ ಏನು ಕೇಳಬೇಕು, ಆಮೇಲೆ ಹೇಗೆ ನೋಡಿಕೊಳ್ಳಬೇಕು ಎಂಬುದೆಲ್ಲ ಇದರಿಂದಲೇ ಗೊತ್ತಾಗುತ್ತದೆ.

ಮೊದಲು ಯಂತ್ರ. ಥಾಮಸ್ ಎಡಿಸನ್ 1876ರಲ್ಲಿ ಒಂದು ಎಲೆಕ್ಟ್ರಿಕ್ ಪೆನ್ನಿಗೆ ಪೇಟೆಂಟ್ ಪಡೆದ. ಕಾಗದದಲ್ಲಿ ಸಾಲಾಗಿ ಸಣ್ಣ ತೂತು ಕೊರೆದು, ಅದರಿಂದ ಬರಹದ ಪ್ರತಿಗಳನ್ನು ತೆಗೆಯುವ ಸಾಧನ ಅದು. ನ್ಯೂಯಾರ್ಕಿನ ಹಚ್ಚೆಗಾರ ಸ್ಯಾಮ್ಯುಯೆಲ್ ಓ'ರೈಲಿ ಅದೇ ಮಾದರಿಯನ್ನು ಚರ್ಮಕ್ಕೆ ಹೊಂದಿಸಿ 1891ರಲ್ಲಿ ಟ್ಯಾಟೂ ಯಂತ್ರದ ಪೇಟೆಂಟ್ ಪಡೆದ. ಆಮೇಲೆ ಬಂದ ಕಾಯಿಲ್ ಯಂತ್ರ ನಮ್ಮ ಮನೆಗಳ ಹಳೆಯ ಎಲೆಕ್ಟ್ರಿಕ್ ಬೆಲ್ ಇದ್ದ ಹಾಗೆ. ತಾಮ್ರದ ತಂತಿ ಸುತ್ತಿದ ಸುರುಳಿಗೆ ಕರೆಂಟ್ ಹರಿದರೆ ಅದು ಅಯಸ್ಕಾಂತವಾಗಿ ಕಬ್ಬಿಣದ ಪಟ್ಟಿಯನ್ನು ಎಳೆಯುತ್ತದೆ. ಪಟ್ಟಿ ಸರಿದ ಕೂಡಲೇ ಸಂಪರ್ಕ ತಪ್ಪುತ್ತದೆ, ಸ್ಪ್ರಿಂಗ್ ಅದನ್ನು ಹಿಂದಕ್ಕೆ ತರುತ್ತದೆ, ಮತ್ತೆ ಕರೆಂಟ್ ಹರಿಯುತ್ತದೆ. ಬೆಲ್ಲಿನಲ್ಲಿ ಪಟ್ಟಿ ಗಂಟೆಗೆ ಬಡಿಯುತ್ತದೆ, ಇಲ್ಲಿ ಸೂಜಿಯನ್ನು ಮೇಲೆ ಕೆಳಗೆ ಆಡಿಸುತ್ತದೆ, ಅದೂ ನಿಮಿಷಕ್ಕೆ ಸಾವಿರಾರು ಸಲ. ಈಗ ಹೆಚ್ಚಾಗಿ ಕಾಣುವ ಪೆನ್ನಿನ ಆಕಾರದ ಯಂತ್ರಗಳಲ್ಲಿ ಪುಟ್ಟ ಮೋಟಾರು ಈ ಕೆಲಸ ಮಾಡುತ್ತದೆ.

ಸೂಜಿಯನ್ನು ಹತ್ತಿರದಿಂದ ನೋಡಿ. ಇಂಜೆಕ್ಷನ್ ಸೂಜಿಯಂತೆ ಅದರಲ್ಲಿ ಕೊಳವೆ ಇರುವುದಿಲ್ಲ. ಗಟ್ಟಿ ಉಕ್ಕಿನ ಸೂಜಿಗಳನ್ನು ಮೂರು, ಐದು, ಏಳರಂತೆ ಒತ್ತಾಗಿ ಸೇರಿಸಿ ಬೆಸೆದಿರುತ್ತಾರೆ. ಶಾಯಿಯ ಬಟ್ಟಲಿಗೆ ಅದ್ದಿದಾಗ ಸೂಜಿಗಳ ನಡುವಿನ ಸಂದಿಯಲ್ಲಿ ಶಾಯಿ ಮೇಲ್ಮೈ ಸೆಳೆತದಿಂದ ನಿಲ್ಲುತ್ತದೆ. ಸೂಜಿ ಚುಚ್ಚಿ ಹಿಂದೆ ಸರಿದಾಗ ಶಾಯಿ ಆ ತೂತಿನೊಳಗೆ ಇಳಿಯುತ್ತದೆ. ಕಲಾವಿದ ಎಡಗೈಯಲ್ಲಿ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದಿರುವುದಕ್ಕೆ ಕಾರಣ, ತೂತು ನೇರವಾಗಿ, ಒಂದೇ ಆಳಕ್ಕೆ ಬೀಳಲಿ ಎಂಬುದು. ಆಳ ಒಂದರಿಂದ ಎರಡು ಮಿಲಿಮೀಟರ್ ಮಾತ್ರ. ಹೊರಚರ್ಮದ ಕೋಶಗಳು ತಿಂಗಳೊಪ್ಪತ್ತಿನಲ್ಲಿ ಉದುರಿಹೋಗುತ್ತವೆ. ಮದರಂಗಿಯ ಬಣ್ಣ ಕೆಲವೇ ವಾರಗಳಲ್ಲಿ ಮಾಸುವುದು ಹೀಗೆ. ಸೂಜಿ ಹೊರಚರ್ಮವನ್ನು ದಾಟಿ ಒಳಚರ್ಮಕ್ಕೆ ತಲುಪಬೇಕು. ಇನ್ನೂ ಕೆಳಗಿನ ಕೊಬ್ಬಿನ ಪದರಕ್ಕೆ ಇಳಿದರೆ ಶಾಯಿ ಹರಡಿ ಗೆರೆ ಕಲೆಯಾಗಿಬಿಡುತ್ತದೆ.

ಒಳಚರ್ಮಕ್ಕೆ ಬಂದ ಶಾಯಿಯನ್ನು ದೇಹ ಹೊರಗಿನ ಕಸವೆಂದೇ ತಿಳಿಯುತ್ತದೆ. ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳು ಧಾವಿಸಿ ಕಣಗಳನ್ನು ನುಂಗುತ್ತವೆ. ಬ್ಯಾಕ್ಟೀರಿಯವಾದರೆ ಅರಗಿಸಿಕೊಂಡಾವು, ಇಂಗಾಲವನ್ನು ಅರಗಿಸುವುದು ಅವುಗಳಿಂದಾಗದು. ಹೊಟ್ಟೆಯಲ್ಲಿ ಬಣ್ಣ ತುಂಬಿಕೊಂಡು ಇದ್ದಲ್ಲೇ ಇರುತ್ತವೆ. ಈ ಕೋಶಗಳೇ ಆಯುಷ್ಯಪೂರ್ತಿ ಬದುಕಿ ಬಣ್ಣವನ್ನು ಹಿಡಿದಿರುತ್ತವೆ ಎಂಬ ನಂಬಿಕೆ ಬಹುಕಾಲ ಇತ್ತು. ಫ್ರಾನ್ಸಿನ ಮಾರ್ಸೇಯ ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದ ಪ್ರಯೋಗ ಬೇರೆಯದನ್ನೇ ತೋರಿಸಿತು. ಅವರು ಇಲಿಗಳ ಬಾಲಕ್ಕೆ ಹಚ್ಚೆ ಹಾಕಿ, ಬಣ್ಣ ನುಂಗಿದ್ದ ಭಕ್ಷಕ ಕೋಶಗಳನ್ನೆಲ್ಲ ಕೊಂದರು. ಹಚ್ಚೆ ಮಾತ್ರ ಕದಲಲಿಲ್ಲ. ಸತ್ತ ಕೋಶ ಬಿಟ್ಟುಕೊಟ್ಟ ಬಣ್ಣವನ್ನು ಹೊಸದಾಗಿ ಬಂದ ಕೋಶಗಳು ಅದೇ ಜಾಗದಲ್ಲಿ ನುಂಗಿ ಕೂತಿದ್ದವು. ಅಜ್ಜಿಯ ಹಚ್ಚೆಯೂ ಹೀಗೆಯೇ ಕೋಶದಿಂದ ಕೋಶಕ್ಕೆ ಕೈಬದಲಾಗುತ್ತ ಉಳಿದಿರಬೇಕು. ನನಗೆ ಇದು ದೇಹದ ಅತಿ ಸೋಜಿಗದ ಕೆಲಸಗಳಲ್ಲಿ ಒಂದೆನಿಸುತ್ತದೆ.

ಲೇಸರಿನಿಂದ ಹಚ್ಚೆ ತೆಗೆಸುವುದು ಇಷ್ಟು ಕಷ್ಟವಾಗಿರುವುದೂ ಇದರಿಂದಲೇ. ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನಷ್ಟು ಚಿಕ್ಕ ಮಿಡಿತಗಳು ಬಣ್ಣದ ಕಣಗಳನ್ನು ಪುಡಿಮಾಡುತ್ತವೆ. ಪುಡಿಯನ್ನು ದುಗ್ಧರಸ (ಲಿಂಫ್) ಸಾಗಿಸಿಬಿಡಬೇಕು, ಅಷ್ಟರಲ್ಲಿ ಅಕ್ಕಪಕ್ಕದ ಕೋಶಗಳು ಮತ್ತೆ ನುಂಗುತ್ತವೆ. ವಾರಗಟ್ಟಲೆ ಬಿಟ್ಟು ಹಲವು ಸಲ ಹೋಗಬೇಕಾಗುತ್ತದೆ. ಕಪ್ಪು ಬಣ್ಣ ಬೇಗ ಮಣಿಯುತ್ತದೆ, ಹಳದಿ ಮತ್ತು ಹಸಿರು ಸತಾಯಿಸುತ್ತವೆ. ನಮ್ಮಂಥ ಕಂದು ಚರ್ಮದವರಿಗೆ ಇನ್ನೊಂದು ತೊಡಕು: ಲೇಸರ್ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್‌ಗೂ ತಾಗುವುದರಿಂದ ಬಿಳಿ ಕಲೆಯೋ ಸುಟ್ಟ ಗಾಯವೋ ಉಳಿಯಬಹುದು. ಬೇಡವಾದರೆ ತೆಗೆಸಿದರಾಯಿತು ಎಂಬ ಲೆಕ್ಕಾಚಾರದಲ್ಲಿ ಯಾರೂ ಹೋಗಬಾರದು.

ಶಾಯಿಯೆಲ್ಲ ಚರ್ಮದಲ್ಲೇ ಉಳಿಯುವುದೂ ಇಲ್ಲ. ಹಚ್ಚೆ ಇದ್ದವರ ದುಗ್ಧಗ್ರಂಥಿಗಳಲ್ಲಿ ಬಣ್ಣದ ಅತಿಸೂಕ್ಷ್ಮ ಕಣಗಳು ಸೇರಿರುವುದನ್ನು ಜರ್ಮನಿ ಮತ್ತು ಫ್ರಾನ್ಸಿನ ಸಂಶೋಧಕರು 2017ರಲ್ಲಿ ತೋರಿಸಿದರು. ಅದರಿಂದಾಗಿಯೇ, ಚಿತ್ರ ಯಾವುದು ಎಂದು ಯೋಚಿಸುವ ಮೊದಲು ಶಾಯಿ ಯಾವುದು ಎಂದು ಕೇಳಬೇಕು ಎನ್ನುತ್ತೇನೆ. ಐರೋಪ್ಯ ಒಕ್ಕೂಟ 2022ರ ಜನವರಿಯಿಂದ ಟ್ಯಾಟೂ ಶಾಯಿಯಲ್ಲಿ ಸಾವಿರಾರು ರಾಸಾಯನಿಕಗಳಿಗೆ ಕಡಿವಾಣ ಹಾಕಿದೆ. ನಮ್ಮಲ್ಲಿ ಶಾಯಿಗೆ ಮಾನದಂಡ ಬೇಕೆಂದು ಕರ್ನಾಟಕದ ಆರೋಗ್ಯ ಇಲಾಖೆ 2025ರಲ್ಲಿ ದನಿಯೆತ್ತಿತು. ಪರೀಕ್ಷಿಸಿದ ಮಾದರಿಗಳಲ್ಲಿ 22 ಬಗೆಯ ಲೋಹಗಳು ಕಂಡವೆಂದು ಆಗ ವರದಿಯಾಗಿತ್ತು. ಶಾಯಿಗೆ ಸೇರಿಸುವ ನೀರೂ ಅಷ್ಟೇ ಮುಖ್ಯ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನಲ್ಲಿ 2011ರ ಕೊನೆಯ ಹೊತ್ತಿಗೆ ಒಂದೇ ಕಡೆ ಟ್ಯಾಟೂ ಹಾಕಿಸಿಕೊಂಡ 19 ಜನರ ಚರ್ಮದಲ್ಲಿ ಕ್ಷಯದ ರೋಗಾಣುವಿಗೆ ಸಂಬಂಧಿಯಾದ ಬ್ಯಾಕ್ಟೀರಿಯದ ಸೋಂಕು ಕಾಣಿಸಿತು. ಅದರ ಮೂಲ ಮೊದಲೇ ತೆಳುಗೊಳಿಸಿ ಮಾರಿದ್ದ ಬೂದು ಶಾಯಿ. ಡಿಸ್ಟಿಲ್ಡ್ ನೀರು ಕೂಡ ರೋಗಾಣುಮುಕ್ತ ಎಂದೇನಿಲ್ಲ.

ಜಾತ್ರೆಯಲ್ಲಿ ಬ್ಯಾಟರಿ ಯಂತ್ರ ಇಟ್ಟುಕೊಂಡು ಕೂತವರ ಹತ್ತಿರ ಒಂದೇ ಸೂಜಿ, ಒಂದೇ ಬಟ್ಟಲು ಎಷ್ಟೋ ಕೈಗಳನ್ನು ದಾಟಿರುತ್ತದೆ. ರಕ್ತದಿಂದ ಹರಡುವ ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ ಏಳು ದಿನ ಜೀವಂತವಿರಬಲ್ಲದು. ಒರೆಸಿದರೆ, ಬಿಸಿನೀರಲ್ಲಿ ಅದ್ದಿದರೆ ಸಾಲದು. ಸೂಜಿಯ ಪ್ಯಾಕೆಟ್ಟನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು, ಶಾಯಿಯನ್ನು ಹೊಸ ಬಟ್ಟಲಿಗೆ ಸುರಿದು ಉಳಿದದ್ದನ್ನು ಚೆಲ್ಲಬೇಕು, ಕೈಗವಸು ಹಾಕಿದ ಕೈ ನಡುವೆ ಮೊಬೈಲ್ ಮುಟ್ಟಬಾರದು. ಕೇಳಲು ಸಂಕೋಚ ಬೇಡ. ಒಳ್ಳೆಯ ಕಲಾವಿದರಿಗೆ ಈ ಪ್ರಶ್ನೆಗಳು ಸಂತೋಷವನ್ನೇ ತರುತ್ತವೆ. ಹೆಪಟೈಟಿಸ್ ಬಿಗೆ ಲಸಿಕೆ ಇದೆ, ಮೂರು ಡೋಸು, ಆರು ತಿಂಗಳು. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಗಾಯವಾದರೆ ಚರ್ಮ ಉಬ್ಬಿ ಗಂಟಾಗುವವರು ಮೊದಲು ವೈದ್ಯರನ್ನು ಕಾಣಲಿ. ಮಚ್ಚೆಯ ಮೇಲೆ ಹಾಕಿಸಬೇಡಿ, ಅದರ ಆಕಾರ ಬದಲಾದರೆ ಗೊತ್ತಾಗುವುದಿಲ್ಲ. ಸೈನ್ಯಕ್ಕೆ ಸೇರುವ ಆಸೆಯಿರುವ ಹುಡುಗರು ನೇಮಕಾತಿ ನಿಯಮ ಓದಿಕೊಳ್ಳಲಿ: ಮೊಣಕೈಯಿಂದ ಮಣಿಕಟ್ಟಿನವರೆಗಿನ ಒಳಭಾಗ ಮತ್ತು ಅಂಗೈಯ ಹಿಂಬದಿ ಬಿಟ್ಟು ಬೇರೆಡೆ ಹಚ್ಚೆಗೆ ಸಾಮಾನ್ಯವಾಗಿ ಅವಕಾಶವಿಲ್ಲ.

ಹಾಕಿಸಿಕೊಂಡು ಬಂದ ಮೇಲೆ ಅದನ್ನು ತೆರೆದ ಗಾಯವೆಂದೇ ಕಾಣಬೇಕು. ಮೊದಲ ಒಂದೆರಡು ದಿನ ಶಾಯಿ ಬೆರೆತ ನೀರು ಜಿನುಗುವುದು ಸಹಜ. ಕೈ ತೊಳೆದುಕೊಂಡು, ಘಾಟಿಲ್ಲದ ಸಾಬೂನಿನಿಂದ ಮೆಲ್ಲಗೆ ತೊಳೆದು, ಒತ್ತಿ ಒರೆಸಿ, ಅವರು ಹೇಳಿದ ಮುಲಾಮನ್ನು ತೆಳ್ಳಗೆ ಹಚ್ಚಿ. ಅರಿಶಿನ ಅರೆದು ಮೆತ್ತುವ ಅಭ್ಯಾಸ ನಮ್ಮ ಮನೆಗಳಲ್ಲಿದೆ; ಒರಳಿನ ಅರಿಶಿನ ರೋಗಾಣುಮುಕ್ತವಲ್ಲ, ಬೇಡ. ಹಕ್ಕಳೆ ಏಳುವಾಗ ನವೆಯಾಗುತ್ತದೆ. ಕಿತ್ತರೆ ಅದರ ಜೊತೆ ಬಣ್ಣವೂ ಬರುತ್ತದೆ, ಗೆರೆ ತುಂಡಾಗುತ್ತದೆ. ಎರಡು ಮೂರು ವಾರ ಕೆರೆ, ಹೊಳೆ, ಈಜುಕೊಳ ಬೇಡ, ಬಿಸಿಲೂ ಬೇಡ. ಕೆಂಪು ದಿನದಿಂದ ದಿನಕ್ಕೆ ಹರಡಿದರೆ, ಕೀವು ಬಂದರೆ, ಜ್ವರ ಕಾಣಿಸಿದರೆ ಟ್ಯಾಟೂ ಅಂಗಡಿಗೆ ಫೋನ್ ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಿ. ಅಲರ್ಜಿ ತಿಂಗಳುಗಳ ಮೇಲೂ ಬರಬಹುದು, ಅದರಲ್ಲೂ ಕೆಂಪು ಶಾಯಿಗೆ.

ಇನ್ನೊಂದು ಮಾತು. ಹಚ್ಚೆ ಹಾಕಿಸಿಕೊಂಡವರಿಂದ ನಮ್ಮ ದೇಶದ ರಕ್ತನಿಧಿಗಳು 12 ತಿಂಗಳು ರಕ್ತ ಪಡೆಯುವುದಿಲ್ಲ. ಟ್ಯಾಟೂಗೆ ದಿನ ಗೊತ್ತುಮಾಡಿದ್ದರೆ, ಅದಕ್ಕೆ ಕೆಲವು ವಾರ ಮುಂಚೆಯೇ ಹತ್ತಿರದ ರಕ್ತನಿಧಿಗೆ ಹೋಗಿ ರಕ್ತ ಕೊಟ್ಟು ಬನ್ನಿ.