ದಣಿದ ಡಾಂಬರು: ಬಿರುಕು ಹುಟ್ಟುವುದು ತಳದಲ್ಲಿ

ತುಮಕೂರು: ಗುಬ್ಬಿ ಮಾರ್ಗವಾಗಿ ಶಿವಮೊಗ್ಗದತ್ತ ಸಾಗುವ ಲಾರಿಯಾಗಲಿ, ಕುಣಿಗಲ್ ಬಳಸಿ ಮಂಗಳೂರಿಗೆ ಹೋಗುವ ಟ್ಯಾಂಕರ್ ಆಗಲಿ, ಒಂದೇ ಓಟದಲ್ಲಿ ರಸ್ತೆಯನ್ನು ಒಡೆಯುವುದಿಲ್ಲ. ಪ್ರತಿ ಬಾರಿ ಚಕ್ರ ಉರುಳಿದಾಗಲೂ ಡಾಂಬರಿನ ಪದರ ಕಣ್ಣಿಗೆ ಕಾಣದಷ್ಟು ಬಾಗಿ, ಮತ್ತೆ ನೇರವಾಗುತ್ತದೆ. ಲಕ್ಷಾಂತರ ಬಾರಿ ಹೀಗಾದ ಮೇಲೆ ಅದು ದಣಿಯುತ್ತದೆ. ಹಿಂದೆ ಮುಂದೆ ಬಗ್ಗಿಸಿದ ತಂತಿ ಕೊನೆಗೆ ತುಂಡಾಗುವಂತೆಯೇ ಇದು.

ಬಾಗುವಾಗ ಹೆಚ್ಚು ಎಳೆತಕ್ಕೆ ಸಿಲುಕುವುದು ಪದರದ ತಳಭಾಗ. ಬಿರುಕು ಬಹುಮಟ್ಟಿಗೆ ಅಲ್ಲಿಯೇ ಹುಟ್ಟಿ ಮೇಲೇರುತ್ತದೆ. ಮೊಸಳೆ ಚರ್ಮದಂತಹ ಬಿರುಕುಗಳು ಕಣ್ಣಿಗೆ ಬೀಳುವ ವೇಳೆಗೆ ಪದರ ಒಳಗೇ ಸೋತಿರುತ್ತದೆ. ಅದರ ಮೇಲೆ ಹಾಕಿದ ತೆಳು ತೇಪೆ ಬಹುಕಾಲ ನಿಲ್ಲದು.

ಪರೀಕ್ಷೆ ಹೇಗೆ?

ಜಲ್ಲಿ ಮತ್ತು ಡಾಂಬರಿನ ಮಿಶ್ರಣದಿಂದ 380 ಮಿ.ಮೀ. ಉದ್ದ, 63 ಮಿ.ಮೀ. ಅಗಲ, 50 ಮಿ.ಮೀ. ದಪ್ಪದ ತೊಲೆಯನ್ನು ಸಿದ್ಧಪಡಿಸಲಾಗುತ್ತದೆ. ಪ್ರಯೋಗಾಲಯದ ಯಂತ್ರವು ಅದನ್ನು ನಾಲ್ಕು ಕಡೆ ಹಿಡಿದು, ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ, ಸೆಕೆಂಡಿಗೆ 5ರಿಂದ 10 ಬಾರಿ ಬಾಗಿಸುತ್ತದೆ. ತೊಲೆಯ ಆರಂಭದ ಬಿಗುವು ಅರ್ಧಕ್ಕೆ ಇಳಿದರೆ ಅದು ಸೋತಂತೆ ಲೆಕ್ಕ. ಸೆಕೆಂಡಿಗೆ 10 ಬಾರಿಯಂತೆ 10 ಲಕ್ಷ ಬಾಗುವಿಕೆ ಸುಮಾರು 28 ಗಂಟೆಗಳಲ್ಲಿ ಮುಗಿಯುತ್ತದೆ.

ಆದರೆ ನಿಜವಾದ ರಸ್ತೆಯಲ್ಲಿ ಒಂದು ವಾಹನ ಹೋಗಿ ಇನ್ನೊಂದು ಬರುವವರೆಗೆ ಡಾಂಬರಿಗೆ ಬಿಡುವು ಸಿಗುತ್ತದೆ. ಆದ್ದರಿಂದ ಪ್ರಯೋಗಾಲಯದ ಅಂಕಿಯನ್ನು ಬಳಕೆಯಲ್ಲಿರುವ ರಸ್ತೆಗಳ ಸ್ಥಿತಿಯೊಂದಿಗೆ ತಾಳೆ ನೋಡಿಯೇ ಸೂತ್ರ ರೂಪಿಸಲಾಗುತ್ತದೆ.

ಲೆಕ್ಕ ಹೇಳುವುದೇನು?

ಭಾರತೀಯ ರಸ್ತೆ ಕಾಂಗ್ರೆಸ್ಸಿನ 2018ರ ಮಾರ್ಗಸೂಚಿಯ ಸೂತ್ರದಂತೆ, ತಳದ ಎಳೆತ ಇಮ್ಮಡಿಯಾದರೆ ರಸ್ತೆಯ ಆಯುಷ್ಯ ಸುಮಾರು 15ರಲ್ಲಿ ಒಂದು ಪಾಲಿಗೆ ಕುಸಿಯುತ್ತದೆ. ಆಕ್ಸಲ್ ಭಾರದ ಲೆಕ್ಕವೂ ಹೀಗೆಯೇ: ಭಾರ ಇಮ್ಮಡಿಯಾದರೆ ಹಾನಿ 16 ಪಟ್ಟು. ಕೇಂದ್ರ ಸರ್ಕಾರ 2018ರ ಜುಲೈನಲ್ಲಿ ನಾಲ್ಕು ಚಕ್ರದ ಒಂಟಿ ಆಕ್ಸಲ್ ಮಿತಿಯನ್ನು 10.2 ಟನ್‌ನಿಂದ 11.5 ಟನ್‌ಗೆ ಏರಿಸಿತು. ಹೆಚ್ಚಿದ ಭಾರ ಶೇ 13ರಷ್ಟು. ಹೆಚ್ಚುವ ಹಾನಿ ಶೇ 60ರಷ್ಟು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಗೆ ತಡೆ ನೀಡುವ ಮುನ್ನ ಗುಬ್ಬಿ, ಚಿಕ್ಕನಾಯಕನಹಳ್ಳಿ ಕಡೆಯ ಅದಿರು ಲಾರಿಗಳ ಓಡಾಟ ಕಂಡವರಿಗೆ ಈ ಲೆಕ್ಕ ಹೊಸದೇನಲ್ಲ.

ಪದರದ ದಪ್ಪ ಕಡಿಮೆಯಾದರೂ, ರೋಲರ್ ಸರಿಯಾಗಿ ಓಡದೆ ಒಳಗೆ ಗಾಳಿ ಉಳಿದರೂ ಆಯುಷ್ಯ ಮೊಟಕಾಗುತ್ತದೆ. ಆದ್ದರಿಂದ ಹೊಸ ರಸ್ತೆ ನುಣುಪಾಗಿದ್ದರೆ ಸಾಲದು. ರಸ್ತೆಯಿಂದ ಕೊರೆದು ತೆಗೆದ ಮಾದರಿಯ ದಪ್ಪವೆಷ್ಟು, ಸಾಂದ್ರತೆಯೆಷ್ಟು ಎಂದು ಮಾಹಿತಿ ಹಕ್ಕಿನಡಿ ಕೇಳಲು ನಾಗರಿಕರಿಗೆ ಅವಕಾಶವಿದೆ. ಬಿರುಕು ಮೂಡಿದ ನಂತರ ದೂರುವುದಕ್ಕಿಂತ ಕಾಮಗಾರಿ ನಡೆಯುವಾಗಲೇ ಪ್ರಶ್ನಿಸುವುದು ಲೇಸು.