ಪ್ರಸಾದಕಾಯವೂ ಸೈನಿಕ ಶಿಕ್ಷಣವೂ

ಜೋರಾಪುರ ಪೇಟೆಯ ಭಕ್ತರೊಬ್ಬರ ಮನೆಯಲ್ಲಿ ಇಷ್ಟಲಿಂಗಪೂಜೆ ಮುಗಿಸಿ ಪ್ರಸಾದಕ್ಕೆ ಕುಳಿತಿದ್ದೆವು. ಸೈನ್ಯ ಸೇರುವ ಹಂಬಲದಿಂದ ನಸುಕಿನಲ್ಲೆದ್ದು ಓಡುವ ಆ ಮನೆಯ ಮಗಳು ಅರ್ಧ ರೊಟ್ಟಿಗೇ ಕೈತೊಳೆದಳು. ತಾಯಿ ಗದರಿದಾಗ, "ತೂಕ ಹೆಚ್ಚಾದ್ರ ತಗೋಳಂಗಿಲ್ರಿ, ಅಜ್ಜಾರ" ಎಂದು ನಮ್ಮತ್ತ ನೋಡಿದಳು. ಆ ಮಾತು ಮನಸ್ಸನ್ನು ಕಾಡಿತು.

ನಮ್ಮ ನಾಡಿನ ಹೆಣ್ಣುಮಕ್ಕಳಿಗೆ ಶೌರ್ಯವು ಹೊಸದಲ್ಲ. 1824ರಲ್ಲಿ ಕಂಪನಿ ಸರಕಾರವನ್ನು ಎದುರಿಸಿದ ರಾಣಿ ಚೆನ್ನಮ್ಮನ ಹೆಸರಿನಲ್ಲಿಯೇ ಕಿತ್ತೂರಿನಲ್ಲಿ ಬಾಲಕಿಯರ ಸೈನಿಕ ಶಾಲೆಯುಂಟು. ವಿಜಯಪುರದ ಸೈನಿಕ ಶಾಲೆ 1963ರಲ್ಲಿ ಆರಂಭವಾಯಿತು. 2021-22ರಿಂದ ದೇಶದ ಸೈನಿಕ ಶಾಲೆಗಳೆಲ್ಲ ಬಾಲಕಿಯರಿಗೂ ತೆರೆದಿವೆ. 2021ರಲ್ಲಿ ಬೆಂಗಳೂರಿನಲ್ಲಿ 83 ಯುವತಿಯರು ತರಬೇತಿ ಮುಗಿಸಿ ಸೇನಾ ಪೊಲೀಸ್ ದಳವನ್ನು ಸೇರಿದರು. 2022ರಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯೂ ಯುವತಿಯರನ್ನು ಸೇರಿಸಿಕೊಂಡಿತು. ಇದೆಲ್ಲ ಅಭಿಮಾನದ ಸಂಗತಿಯೇ ಸರಿ. ಆದರೆ ಈ ದಾರಿಯಲ್ಲಿ ಕಣ್ಣಿಗೆ ಕಾಣದ ಒಂದು ಅಪಾಯವಿದೆ.

ದುಡಿತ ಹೆಚ್ಚಿ ಅನ್ನ ಕಡಿಮೆಯಾದಾಗ ಶರೀರವು ತನ್ನ ಖರ್ಚನ್ನು ತಾನೇ ಕಡಿತಗೊಳಿಸುತ್ತದೆ. ಮೊದಲು ಮುಟ್ಟು ಏರುಪೇರಾಗಿ ನಿಲ್ಲುತ್ತದೆ. ಅದರೊಡನೆ ಎಲುಬನ್ನು ಕಾಯುವ ಹಾರ್ಮೋನು ಕುಗ್ಗುತ್ತದೆ. ಆಗ ಓಟ, ಕವಾಯತುಗಳ ಪೆಟ್ಟಿಗೆ ಮೊಣಕಾಲಿನ ಕೆಳಗಿನ ಎಲುಬು ಸೂಕ್ಷ್ಮವಾಗಿ ಬಿರುಕು ಬಿಡುತ್ತದೆ. ಎಲುಬು ಬಲಿಯುವ ಹರೆಯದಲ್ಲಿ ಆದ ಈ ನಷ್ಟವನ್ನು ಮುಂದೆ ಪೂರ್ತಿ ತುಂಬಿಕೊಳ್ಳುವುದು ಕಠಿಣ. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು ಕ್ರೀಡಾಪಟುಗಳಲ್ಲಿ ಕಾಣುವ ಈ ಶಕ್ತಿನ್ಯೂನತೆಯನ್ನು ಹೆಸರಿಟ್ಟು ಎಚ್ಚರಿಸಿತು.

ಇನ್ನು ತೂಕದ ಮಾತು. ತೂಕವು ಎತ್ತರಕ್ಕೂ ವಯಸ್ಸಿಗೂ ತಕ್ಕಂತಿರಬೇಕೆಂಬುದೇ ಸೈನ್ಯದ ನಿಯಮ. ಕಡಿಮೆಯಾದಷ್ಟೂ ಲೇಸೆಂದು ಅದರ ಅರ್ಥವಲ್ಲ. ತೀರ ಕೃಶವಾದವರೂ ಅನರ್ಹರಾಗುತ್ತಾರೆ. ಹಸಿದು ಓಡುವವಳು ಗುರಿಯಿಂದ ದೂರವೇ ಓಡುತ್ತಾಳೆ.

ತಾಯಂದಿರು ಗಮನಿಸಬೇಕು: ಮಗಳು ಪಂಕ್ತಿ ತಪ್ಪಿಸುವುದು, ಉಂಡೊಡನೆ ಗುಟ್ಟಾಗಿ ವಾಂತಿ ಮಾಡುವುದು, ಪದೇ ಪದೇ ತೂಗಿಕೊಳ್ಳುವುದು, ಸದಾ ಚಳಿ, ದಣಿವು. ಮೂರು ತಿಂಗಳು ಮುಟ್ಟು ನಿಂತರೆ ವೈದ್ಯರನ್ನು ಕಾಣಲೇಬೇಕು. ಇದು ಹಟವಲ್ಲ, ಚಿಕಿತ್ಸೆಯುಳ್ಳ ಕಾಯಿಲೆ, ಬೈಗುಳ ಸಲ್ಲದು. ಮನಸ್ಸಿನ ತೊಳಲಾಟಕ್ಕೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತವಾಗಿದೆ. "ದಪ್ಪಾಗಿ" ಎಂಬ ಮನೆಮಂದಿಯ ಚೇಷ್ಟೆಯೂ ನಿಲ್ಲಲಿ.

ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಲಿಂಗಕ್ಕರ್ಪಿತವಾದುದನ್ನು ಪ್ರಸನ್ನಚಿತ್ತದಿಂದ ಸ್ವೀಕರಿಸಿದ ದೇಹವೇ ಪ್ರಸಾದಕಾಯ. ಅಂಥ ದೇಹವನ್ನು ಒಣಗಿಸುವುದು ವ್ರತವೂ ಅಲ್ಲ, ವೀರವೂ ಅಲ್ಲ. ದೇಶರಕ್ಷಣೆ ಕಾಯಕವಾದರೆ, ಆ ಕಾಯಕಕ್ಕೆ ಕಾಯವೇ ಆಧಾರ.

ಅಂದು ಆ ಮಗಳಿಗೆ ಇಷ್ಟನ್ನೇ ಹೇಳಿದೆವು. ಸ್ವಲ್ಪ ಹೊತ್ತು ತಲೆ ತಗ್ಗಿಸಿ ಕುಳಿತಳು. ಆಮೇಲೆ ತಾಯಿ ಮತ್ತೊಂದು ರೊಟ್ಟಿ, ಶೇಂಗಾ ಹಿಂಡಿ, ಮೊಸರು ಬಡಿಸಿದಾಗ ಬೇಡವೆನ್ನಲಿಲ್ಲ.