ಬೆಂಗಳೂರು ಎಫ್.ಸಿ.

ಬೆಂಗಳೂರು ಫುಟ್‌ಬಾಲ್ ಕ್ಲಬ್ ಅಥವಾ ಬೆಂಗಳೂರು ಎಫ್.ಸಿ. ಕರ್ನಾಟಕದ ರಾಜಧಾನಿ ಬೆಂಗಳೂರಿನ ವೃತ್ತಿಪರ ಫುಟ್‌ಬಾಲ್ ಸಂಸ್ಥೆ. ಜೆ.ಎಸ್.ಡಬ್ಲ್ಯೂ. ಉದ್ಯಮ ಸಮೂಹದ ಒಡೆತನದಲ್ಲಿ 2013ರ ಜುಲೈ ತಿಂಗಳಲ್ಲಿ ಸ್ಥಾಪನೆಗೊಂಡ ಈ ಸಂಸ್ಥೆಯು ತಾನು ಆಡಿದ ಮೊದಲ ಋತುವಿನಲ್ಲಿಯೇ ರಾಷ್ಟ್ರೀಯ ಲೀಗ್ ಪ್ರಶಸ್ತಿಯನ್ನು ಗೆದ್ದಿತು. 2016ರಲ್ಲಿ ಎ.ಎಫ್.ಸಿ. ಕಪ್ ಪಂದ್ಯಾವಳಿಯ ಅಂತಿಮ ಪಂದ್ಯವನ್ನು ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. ಆಟಗಾರರ ಉಡುಪಿನ ಬಣ್ಣದಿಂದಾಗಿ ಇದಕ್ಕೆ 'ದಿ ಬ್ಲೂಸ್' ಎಂಬ ಅಡ್ಡಹೆಸರಿದೆ. ಶ್ರೀ ಕಂಠೀರವ ಕ್ರೀಡಾಂಗಣವು ಇದರ ತವರು ಮೈದಾನ.

ಹಿನ್ನೆಲೆ

ಬೆಂಗಳೂರಿನಲ್ಲಿ ಫುಟ್‌ಬಾಲ್ ಬೇರೂರಿದ್ದು ಬ್ರಿಟಿಷರ ದಂಡುಪ್ರದೇಶದಲ್ಲಿ. ಅದುವರೆಗೆ ಸೇನಾ ತಂಡಗಳ ಪಾಲಾಗುತ್ತಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿಯೂ 1938ರಲ್ಲಿಯೂ ಬೆಂಗಳೂರು ಮುಸ್ಲಿಮ್ಸ್ ತಂಡವು ಗೆದ್ದುಕೊಂಡಿತು. ಮೈಸೂರು ರಾಜ್ಯ ತಂಡವು 1946–47ರಿಂದ 1968–69ರ ಅವಧಿಯಲ್ಲಿ ನಾಲ್ಕು ಬಾರಿ ಸಂತೋಷ್ ಟ್ರೋಫಿಯನ್ನು ಪಡೆಯಿತು. ಅಹ್ಮದ್ ಖಾನ್, ಕೆಂಪಯ್ಯ, ಅರುಮೈನಾಯಗಂ ಮೊದಲಾದ ಆಟಗಾರರು ಈ ನಗರದವರೇ. ಆದರೆ ಅವರು ಹೆಸರು ಗಳಿಸಿದ್ದು ಕೋಲ್ಕತ್ತದ ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್ ಕ್ಲಬ್‌ಗಳಲ್ಲಿ.

ಸ್ವಾತಂತ್ರ್ಯಾನಂತರ ನಗರದ ಆಟವನ್ನು ಪೋಷಿಸಿದವು ಮುಖ್ಯವಾಗಿ ಎಚ್.ಎ.ಎಲ್., ಐ.ಟಿ.ಐ. ಮುಂತಾದ ಸಾರ್ವಜನಿಕ ಉದ್ಯಮಗಳ ತಂಡಗಳು. ಇವುಗಳ ಆಟಗಾರರು ಅದೇ ಸಂಸ್ಥೆಗಳ ನೌಕರರೂ ಆಗಿದ್ದರು. ಐ-ಲೀಗ್‌ನಲ್ಲಿ ಆಡುತ್ತಿದ್ದ ಎಚ್.ಎ.ಎಲ್. ತಂಡವು 2012ರಲ್ಲಿ ಕೊನೆಯ ಸ್ಥಾನ ಪಡೆದು ಅಗ್ರ ಶ್ರೇಣಿಯಿಂದ ಹೊರಬಿದ್ದಿತು. ಪ್ರತಿಭೆಯಿದ್ದೂ ವೃತ್ತಿಪರ ನೆಲೆಯಿಲ್ಲದ ನಗರಕ್ಕೆ ಮರುವರ್ಷ ಹೊಸ ಸಂಸ್ಥೆ ಬಂದಿತು. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟವು ಉದ್ಯಮ ಸಂಸ್ಥೆಗಳಿಗೆ ಐ-ಲೀಗ್‌ಗೆ ನೇರ ಪ್ರವೇಶ ನೀಡಲು ನಿರ್ಧರಿಸಿದ್ದು ಇದಕ್ಕೆ ದಾರಿ ಮಾಡಿಕೊಟ್ಟಿತು.

ಐ-ಲೀಗ್ ಅವಧಿ (2013–2017)

ಇಂಗ್ಲೆಂಡಿನ ಆಶ್ಲೆ ವೆಸ್ಟ್‌ವುಡ್ ಮೊದಲ ತರಬೇತುದಾರರಾಗಿಯೂ ಸುನಿಲ್ ಛೆಟ್ರಿ ನಾಯಕರಾಗಿಯೂ ನೇಮಕಗೊಂಡರು. ಛೆಟ್ರಿ ಮೊದಲ ಋತುವಿನಲ್ಲಿ 14 ಗೋಲುಗಳನ್ನು ಗಳಿಸಿದರು. 2014ರ ಏಪ್ರಿಲ್ 21ರಂದು ಗೋವಾದಲ್ಲಿ ಡೆಂಪೊ ತಂಡವನ್ನು 4–2ರಿಂದ ಸೋಲಿಸಿ, ಒಂದು ಪಂದ್ಯ ಬಾಕಿಯಿರುವಾಗಲೇ ತಂಡವು ಪ್ರಶಸ್ತಿಯನ್ನು ಖಚಿತಪಡಿಸಿಕೊಂಡಿತು.

ಎರಡನೆಯ ಋತುವಿನ ಫಲಿತಾಂಶವು ಕಡೆಯ ದಿನದವರೆಗೂ ತೀರ್ಮಾನವಾಗಿರಲಿಲ್ಲ. 2015ರ ಮೇ 31ರಂದು ಕಂಠೀರವದಲ್ಲಿ ಮೋಹನ್ ಬಾಗಾನ್ ಎದುರಾಳಿ. ಬೆಂಗಳೂರಿಗೆ ಗೆಲುವೇ ಬೇಕು, ಬಾಗಾನ್‌ಗೆ ಡ್ರಾ ಸಾಕು. ಜಾನ್ ಜಾನ್ಸನ್ ಗೋಲಿನಿಂದ ಬೆಂಗಳೂರು ಮುಂದಿತ್ತು. 87ನೆಯ ನಿಮಿಷದಲ್ಲಿ ಬೆಲ್ಲೊ ರಜಾಕ್ ತಲೆಯಿಂದ ಹೊಡೆದ ಗೋಲು ಪಂದ್ಯವನ್ನು 1–1ಕ್ಕೆ ತಂದಿತು, ಪ್ರಶಸ್ತಿ ಕೋಲ್ಕತ್ತಕ್ಕೆ ಹೋಯಿತು. 2015–16ರಲ್ಲಿ ಬೆಂಗಳೂರು ಅದನ್ನು ಮರಳಿ ಪಡೆಯಿತು. ಇದೇ ಅವಧಿಯಲ್ಲಿ ಎರಡು ಸಲ ಫೆಡರೇಷನ್ ಕಪ್ ಕೂಡ ಗೆದ್ದಿತು.

ಏಷ್ಯಾ ಮಟ್ಟದ ಸಾಧನೆ

ಎ.ಎಫ್.ಸಿ. ಕಪ್ ಆಗ ಏಷ್ಯಾದ ಕ್ಲಬ್‌ಗಳಿಗಾಗಿ ನಡೆಯುತ್ತಿದ್ದ ಎರಡನೆಯ ಶ್ರೇಣಿಯ ಪಂದ್ಯಾವಳಿ. 2016ರ ಸೆಮಿಫೈನಲ್‌ನಲ್ಲಿ ಬೆಂಗಳೂರು, ಹಿಂದಿನ ವರ್ಷದ ವಿಜೇತ ತಂಡವಾದ ಮಲೇಷ್ಯಾದ ಜೊಹೋರ್ ದಾರುಲ್ ತಾಜಿಮ್ ವಿರುದ್ಧ ಅಲ್ಲಿ 1–1ರಿಂದ ಸಮ ಮಾಡಿಕೊಂಡು, ತವರಿನಲ್ಲಿ 3–1ರಿಂದ ಗೆದ್ದಿತು. ನವೆಂಬರ್ 5ರಂದು ದೋಹಾದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಇರಾಕಿನ ವಾಯುಪಡೆಯ ಕ್ಲಬ್ ಅಲ್-ಕುವಾ ಅಲ್-ಜವಿಯಾ ಎದುರು 0–1ರಿಂದ ಸೋತಿತು. ಸ್ಥಾಪನೆಯಾಗಿ ಕೇವಲ ಮೂರು ವರ್ಷಗಳಾಗಿದ್ದ ಕ್ಲಬ್‌ಗೆ ಇದು ಅಸಾಧಾರಣ ಸಾಧನೆ. ಆಗಿನ ತರಬೇತುದಾರರು ಸ್ಪೇನ್‌ನ ಆಲ್ಬರ್ಟ್ ರೋಕಾ.

ಇಂಡಿಯನ್ ಸೂಪರ್ ಲೀಗ್

2014ರಲ್ಲಿ ಆರಂಭವಾದ ಇಂಡಿಯನ್ ಸೂಪರ್ ಲೀಗ್ (ಐ.ಎಸ್.ಎಲ್.) ಪ್ರಾಂತವಾರು ಹೊಸದಾಗಿ ರಚಿಸಿದ ತಂಡಗಳ ಪಂದ್ಯಾವಳಿ. ಐ-ಲೀಗ್ ಬಿಟ್ಟು ಅದನ್ನು ಸೇರಿದ ಮೊದಲ ಸಂಸ್ಥೆ ಬೆಂಗಳೂರು ಎಫ್.ಸಿ. 2017–18ರ ಮೊದಲ ಪ್ರಯತ್ನದಲ್ಲೇ 40 ಅಂಕಗಳೊಡನೆ ಅದು ಅಂಕಪಟ್ಟಿಯ ಮೇಲ್ತುದಿಯಲ್ಲಿತ್ತು. ಆದರೆ ಈ ಲೀಗ್‌ನ ಆಗಿನ ನಿಯಮದಂತೆ ಚಾಂಪಿಯನ್ ಯಾರೆಂದು ನಿರ್ಣಯಿಸುತ್ತಿದ್ದುದು ನಾಕೌಟ್ ಹಂತದ ಅಂತಿಮ ಪಂದ್ಯ. ತವರಿನಲ್ಲಿ ನಡೆದ ಆ ಪಂದ್ಯದಲ್ಲಿ ಚೆನ್ನೈಯಿನ್ ಎಫ್.ಸಿ. 3–2ರಿಂದ ಗೆದ್ದಿತು. ಅಗ್ರಸ್ಥಾನಕ್ಕೆ ಪ್ರತ್ಯೇಕ ಫಲಕ ನೀಡುವ ಪದ್ಧತಿ 2019–20ರಿಂದ ಬಂದುದರಿಂದ, ಸತತ ಎರಡು ಋತುಗಳಲ್ಲಿ ಮೊದಲ ಸ್ಥಾನದಲ್ಲಿದ್ದ ಬೆಂಗಳೂರಿಗೆ ಅದು ದಕ್ಕಲಿಲ್ಲ.

2019ರ ಮಾರ್ಚ್ 17ರಂದು ಮುಂಬಯಿಯಲ್ಲಿ ಎಫ್.ಸಿ. ಗೋವಾ ವಿರುದ್ಧದ ಫೈನಲ್ ಹೆಚ್ಚುವರಿ ಅವಧಿಗೆ ಸಾಗಿತು. 117ನೆಯ ನಿಮಿಷದಲ್ಲಿ ರಾಹುಲ್ ಭೇಕೆ ತಲೆಯಿಂದ ಗಳಿಸಿದ ಗೋಲು ಬೆಂಗಳೂರಿಗೆ ಮೊದಲ ಐ.ಎಸ್.ಎಲ್. ಪ್ರಶಸ್ತಿಯನ್ನು ತಂದಿತು.

ಏಳುಬೀಳುಗಳು

2020–21ರಲ್ಲಿ ತಂಡವು ಏಳನೆಯ ಸ್ಥಾನಕ್ಕೆ ಕುಸಿಯಿತು. 2022ರ ಸೆಪ್ಟೆಂಬರ್‌ನಲ್ಲಿ ಮುಂಬೈ ಸಿಟಿ ತಂಡವನ್ನು ಮಣಿಸಿ ಡ್ಯುರಾಂಡ್ ಕಪ್ ಗೆದ್ದು ಚೇತರಿಸಿಕೊಂಡಿತು. 2023ರ ಮಾರ್ಚ್ 3ರಂದು ಕೇರಳ ಬ್ಲಾಸ್ಟರ್ಸ್ ವಿರುದ್ಧದ ಪ್ಲೇಆಫ್ ಪಂದ್ಯದಲ್ಲಿ, ಎದುರಾಳಿಗಳು ರಕ್ಷಣಾ ಸಾಲು ಕಟ್ಟುವ ಮುನ್ನವೇ ಛೆಟ್ರಿ ಫ್ರೀ ಕಿಕ್ ಹೊಡೆದು ಗೋಲು ಗಳಿಸಿದರು. ಇದನ್ನು ಪ್ರತಿಭಟಿಸಿ ಬ್ಲಾಸ್ಟರ್ಸ್ ಮೈದಾನದಿಂದ ಹೊರನಡೆಯಿತು. ಅದೇ ತಿಂಗಳ ಫೈನಲ್‌ನಲ್ಲಿ ಬೆಂಗಳೂರು ಪೆನಾಲ್ಟಿಗಳಲ್ಲಿ ಎ.ಟಿ.ಕೆ. ಮೋಹನ್ ಬಾಗಾನ್ ತಂಡಕ್ಕೆ ಸೋತಿತು. ಮುಂದಿನ ಋತುವಿನಲ್ಲಿ ಹತ್ತನೆಯ ಸ್ಥಾನ. ಅದರ ಮುಂದಿನದರಲ್ಲಿ ಮತ್ತೆ ಫೈನಲ್. 2025ರ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ನಡೆದ ಆ ಪಂದ್ಯದಲ್ಲಿ ಮುನ್ನಡೆ ಸಾಧಿಸಿಯೂ ಮೋಹನ್ ಬಾಗಾನ್ ಎದುರು ಹೆಚ್ಚುವರಿ ಅವಧಿಯಲ್ಲಿ 1–2ರಿಂದ ಪರಾಭವಗೊಂಡಿತು.

ಅದೇ ವರ್ಷ ಐ.ಎಸ್.ಎಲ್. ನಡೆಸುವ ಹಕ್ಕಿನ ಒಪ್ಪಂದದ ನವೀಕರಣ ವಿಳಂಬವಾಗಿ ಲೀಗ್‌ನ ಭವಿಷ್ಯವೇ ಅನಿಶ್ಚಿತವಾಯಿತು. ಆಗಸ್ಟ್‌ನಲ್ಲಿ ಸಂಸ್ಥೆಯು ಮುಖ್ಯ ತಂಡದ ಆಟಗಾರರ ಹಾಗೂ ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ಸುಭದ್ರವೆಂದು ಭಾವಿಸಲಾಗಿದ್ದ ಉದ್ಯಮ ಬೆಂಬಲಿತ ಕ್ಲಬ್ ಕೂಡ ಲೀಗ್‌ನ ಆಡಳಿತ ವ್ಯವಸ್ಥೆಯನ್ನು ಎಷ್ಟರಮಟ್ಟಿಗೆ ಅವಲಂಬಿಸಿದೆ ಎಂಬುದು ಇದರಿಂದ ಸ್ಪಷ್ಟವಾಯಿತು.

ಮೈದಾನ ಮತ್ತು ಅಭಿಮಾನಿಗಳು

ಮೊದಲ ಋತುವಿನ ತವರು ಪಂದ್ಯಗಳು ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ನಡೆದವು. ಅಲ್ಲಿನ ಪಶ್ಚಿಮ ಭಾಗದ ಆಸನಗಳಲ್ಲಿ ಸೇರುತ್ತಿದ್ದ ಅಭಿಮಾನಿಗಳು 'ವೆಸ್ಟ್ ಬ್ಲಾಕ್ ಬ್ಲೂಸ್' ಎಂಬ ಹೆಸರಿಟ್ಟುಕೊಂಡರು; ಕಂಠೀರವಕ್ಕೆ ಬಂದ ಮೇಲೂ ಆ ಹೆಸರು ಉಳಿಯಿತು. ಕಂಠೀರವದಲ್ಲಿ ಅಥ್ಲೆಟಿಕ್ಸ್ ಓಟದ ಪಥವೂ ಇದೆ. ಅಥ್ಲೀಟ್‌ಗಳ ಅಭ್ಯಾಸಕ್ಕೆ ಫುಟ್‌ಬಾಲ್ ಪಂದ್ಯಗಳಿಂದ ಅಡಚಣೆಯಾಗುತ್ತಿದೆ ಎಂಬ ವಿವಾದವು ಉಚ್ಚ ನ್ಯಾಯಾಲಯದವರೆಗೂ ಹೋಗಿತ್ತು.

ಪ್ರಮುಖ ಪ್ರಶಸ್ತಿಗಳು

• ಐ-ಲೀಗ್: 2013–14, 2015–16
• ಫೆಡರೇಷನ್ ಕಪ್: 2014–15, 2016–17
• ಸೂಪರ್ ಕಪ್: 2018
• ಇಂಡಿಯನ್ ಸೂಪರ್ ಲೀಗ್: 2018–19
• ಡ್ಯುರಾಂಡ್ ಕಪ್: 2022
• ಎ.ಎಫ್.ಸಿ. ಕಪ್ ದ್ವಿತೀಯ ಸ್ಥಾನ: 2016